ಐದು ಇಪ್ಪತ್ತರ ಮಚ್ಚೆ

ಸೋಮವಾರ ಮಧ್ಯಾಹ್ನ ಒಂದು ಗಂಟೆ ಐದು ನಿಮಿಷಕ್ಕೆ ಮೆಕ್ಯಾನಿಕ್ ಊಟದ ಡಬ್ಬಿ ಹಿಡಿದುಕೊಂಡು ಟೆಲಿಸ್ಕೋಪಿನ ಗೋಡೆಯೊಳಗೆ ಹೋದ. ಒಂದು ಮೂವತ್ತೈದಕ್ಕೆ ಹೊರಗೆ ಬಂದ. ದಿನಚರಿ ಪುಸ್ತಕದಲ್ಲಿ ಹೀಗೆ ಬರೆದ: 'ಗೇಜು ನೋಡಿದೆ. ಒಳಗಿದ್ದದ್ದು ಒಂದು ನಿಮಿಷ.'

ಇಪ್ಪತ್ತು ತಿಂಗಳಿಂದ ಅವನು ಇದನ್ನೇ ಬರೆಯುತ್ತಿದ್ದ.

ಜೂನ್-ಜುಲೈಯಲ್ಲಿ ಚಳಿಗಾಲ ಬರುವ ದಕ್ಷಿಣ ಗೋಳಾರ್ಧದಲ್ಲಿ, ಸಮುದ್ರಮಟ್ಟದಿಂದ ನಾಲ್ಕು ಸಾವಿರದ ಇನ್ನೂರು ಮೀಟರ್ ಮೇಲಿನ ಒಣ ಬಯಲು ಅದು. ಅಲ್ಲಿನ ಗಾಳಿಯಲ್ಲಿ ನೀರಿನ ಆವಿ ಇಲ್ಲವೆನ್ನುವಷ್ಟು ಕಡಿಮೆ. ಟೆಲಿಸ್ಕೋಪನ್ನು ಅಲ್ಲಿ ನಿಲ್ಲಿಸಿದ್ದು ಆ ಒಂದೇ ಕಾರಣಕ್ಕೆ. ಅಡುಗೆಮನೆ ಮತ್ತು ಹಾಸಿಗೆಗೆ ಒಂದು ಕಂಟೇನರ್, ಕಂಪ್ಯೂಟರುಗಳಿಗೆ ಇನ್ನೊಂದು, ಜನರೇಟರಿಗೆ ಒಂದು ತಗಡಿನ ಶೆಡ್ಡು. ಅಲ್ಲಿಂದ ನೂರೈವತ್ತು ಹೆಜ್ಜೆ ದೂರದಲ್ಲಿ, ಮೂರು ಮೀಟರ್ ಎತ್ತರದ ಅಲ್ಯುಮಿನಿಯಂ ಗೋಡೆಯ ನಡುವೆ ಟೆಲಿಸ್ಕೋಪು. ಹತ್ತಿರದ ಮನೆ ಎಪ್ಪತ್ತು ಕಿಲೋಮೀಟರ್ ಆಚೆ. ಹದಿನೈದು ದಿನಕ್ಕೊಮ್ಮೆ ಡ್ರೈವರ್ ಡೀಸೆಲ್ಲು, ನೀರು, ತರಕಾರಿ ತಂದುಹಾಕಿ ಮಧ್ಯಾಹ್ನ ಊಟ ಮಾಡಿಕೊಂಡು ಹೋಗುತ್ತಿದ್ದ.

ವಿಶ್ವ ಹುಟ್ಟಿ ಸುಮಾರು ಮೂರು ಲಕ್ಷ ಎಂಬತ್ತು ಸಾವಿರ ವರ್ಷವಾಗಿದ್ದಾಗ ಹೊರಟ ಬೆಳಕು ಈಗ ತೀರ ತಣ್ಣಗಾಗಿ, ಕಣ್ಣಿಗೆ ಕಾಣದ ವಿಕಿರಣವಾಗಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ಇನ್ನು ಇದಕ್ಕಿಂತ ತಣ್ಣಗಾಗಲು ಸಾಧ್ಯವಿಲ್ಲ ಎಂಬ ಶೂನ್ಯವೊಂದಿದೆಯಲ್ಲ, ಅದರಿಂದ 2.7 ಡಿಗ್ರಿ ಮಾತ್ರ ಮೇಲೆ ಅದರ ಉಷ್ಣತೆ. ಆಕಾಶದಲ್ಲಿ ಎಲ್ಲಿ ನೋಡಿದರೂ ಹೆಚ್ಚುಕಡಿಮೆ ಒಂದೇ. ಆ ಹೆಚ್ಚುಕಡಿಮೆ ಎಷ್ಟು ಎಂದು ಅಳೆಯುವುದು ಇಲ್ಲಿನ ಕೆಲಸ. ಅಳತೆಯ ಘಟಕ ಮೈಕ್ರೋಕೆಲ್ವಿನ್, ಅಂದರೆ ಡಿಗ್ರಿಯ ಹತ್ತು ಲಕ್ಷದಲ್ಲಿ ಒಂದು ಪಾಲು. ಅದೇ ಲೆಕ್ಕದಲ್ಲಿ ಮನುಷ್ಯನ ಮೈ ಆ ಶೂನ್ಯದಿಂದ ಮುನ್ನೂರ ಹತ್ತು ಡಿಗ್ರಿ ಮೇಲಿದೆ. ಆದ್ದರಿಂದ ಗೋಡೆಯೊಳಗೆ ಹೋದವರು ಎಷ್ಟು ಹೊತ್ತು ಇದ್ದರು ಎಂದು ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವಿತ್ತು. ಐದು ನಿಮಿಷ ಮೀರಿದರೆ ಆ ಹೊತ್ತಿನ ದತ್ತಾಂಶವನ್ನು ಕತ್ತರಿಸಿ ಎಸೆಯುತ್ತಿದ್ದರು. ಅದರೊಳಗಿದ್ದರೆ ವಿನಾಯಿತಿ ಇತ್ತು.

ಮೆಕ್ಯಾನಿಕ್ ಮೂಲತಃ ಮೀನಿನ ಶೀತಲ ಗೋದಾಮುಗಳಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವನು. ಈಗ ಐವತ್ತನಾಲ್ಕು ವರ್ಷ. ಟೆಲಿಸ್ಕೋಪಿನ ಕ್ಯಾಮೆರಾವನ್ನು ಹೀಲಿಯಂ ಅನಿಲದಿಂದ ತಣ್ಣಗಿಡುವ ಯಂತ್ರಗಳನ್ನು ನೋಡಿಕೊಳ್ಳಲು ಆರು ವರ್ಷದ ಹಿಂದೆ ಬಂದ. ನಗರದ ಸಂಸ್ಥೆಯಲ್ಲಿ ಕೂತು ದತ್ತಾಂಶ ನೋಡುವವರು ಅವನನ್ನು 'ಫ್ರಿಜ್ ಅಣ್ಣ' ಎಂದು ಕರೆಯುತ್ತಿದ್ದರು. ಮೊದಲ ನಾಲ್ಕು ವರ್ಷ ಜೊತೆಗೊಬ್ಬ ಎಲೆಕ್ಟ್ರಿಷಿಯನ್ ಇದ್ದ. ಇಬ್ಬರೂ ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ದಿನಾ ಜಗಳವಾಡಿ ದಿನಾ ಒಟ್ಟಿಗೆ ಊಟ ಮಾಡುತ್ತಿದ್ದರು. ಇಪ್ಪತ್ತು ತಿಂಗಳ ಹಿಂದೆ ಹೊಸ ಕ್ಯಾಮೆರಾ ಬಂತು. ಸ್ವಿಚ್ಚುಗಳನ್ನೆಲ್ಲ ನಗರದಿಂದಲೇ ಒತ್ತುವ ವ್ಯವಸ್ಥೆಯಾಯಿತು. ಅಲ್ಲಿಗೆ ಇಬ್ಬರು ಬೇಡ ಎಂದು ಎಲೆಕ್ಟ್ರಿಷಿಯನ್‌ನನ್ನು ಕೆಳಗೆ ಕರೆಸಿಕೊಂಡರು. ಅವನ ಕುರ್ಚಿ ಅಡುಗೆಮನೆಯಲ್ಲೇ ಉಳಿಯಿತು.

ಆ ಕುರ್ಚಿಯ ಎದುರು ಒಬ್ಬನೇ ಕೂತು ಉಣ್ಣಲು ಮೆಕ್ಯಾನಿಕ್‌ಗೆ ಆಗಲಿಲ್ಲ. ಹೊಸ ಕ್ಯಾಮೆರಾದ ಅನಿಲದ ಪೈಪಿನಲ್ಲೊಂದು ಸಣ್ಣ ಸೋರಿಕೆ ಇತ್ತು. ಅನಿಲದ ಒತ್ತಡ ತೋರಿಸುವ, ಗೋಡೆಯ ಒಳಬದಿಯಲ್ಲಿದ್ದ ಗೇಜನ್ನು ದಿನಕ್ಕೊಮ್ಮೆ ಹೋಗಿ ನೋಡಬೇಕಿತ್ತು. ಒಂದು ದಿನ ಡಬ್ಬಿಯನ್ನೂ ಜೊತೆಗೆ ಒಯ್ದ. ದಕ್ಷಿಣದ ಗೋಡೆಯ ಬುಡದಲ್ಲಿ ಗಾಳಿ ತಾಗುತ್ತಿರಲಿಲ್ಲ. ಟೆಲಿಸ್ಕೋಪು ತಲೆ ಸ್ವಲ್ಪ ಮೇಲೆತ್ತಿಕೊಂಡು ಎಡಕ್ಕೆ ನಲವತ್ತು ಸೆಕೆಂಡು, ಬಲಕ್ಕೆ ನಲವತ್ತು ಸೆಕೆಂಡು, ಬೇಡ ಬೇಡ ಎನ್ನುವವರ ಹಾಗೆ ತಲೆಯಾಡಿಸುತ್ತಿತ್ತು. ತಂಪು ಯಂತ್ರ ಟಿಕ್ಕು ಟಿಕ್ಕೆಂದು ಸದ್ದು ಮಾಡುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕನ ಹೊಲಿಗೆ ಯಂತ್ರದ ಪಕ್ಕ ಕೂತು ಅವನು ಶಾಲೆಯ ಪಾಠ ಬರೆಯುತ್ತಿದ್ದ. ಸದ್ದು ಹೆಚ್ಚುಕಡಿಮೆ ಅದೇ. ಅಂದು ಅರ್ಧ ಗಂಟೆ ಕೂತ. ಪುಸ್ತಕದಲ್ಲಿ ಒಂದು ನಿಮಿಷ ಎಂದು ಬರೆದ. ಟೆಲಿಸ್ಕೋಪು ನೋಡುವುದು ಆಕಾಶವನ್ನು, ಬುಡದಲ್ಲಿ ಕೂತವನನ್ನಲ್ಲ, ಹಾಗಾಗಿ ತೊಂದರೆಯಿಲ್ಲ ಎಂದುಕೊಂಡ.

ಕಂಪ್ಯೂಟರುಗಳ ಕೋಣೆಯಲ್ಲಿ ಎರಡು ಗಡಿಯಾರಗಳಿದ್ದವು. ಒಂದು ಎಲ್ಲರ ಗಡಿಯಾರ. ಇನ್ನೊಂದು ನಕ್ಷತ್ರ ಗಡಿಯಾರ. ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ ಒಂದು ಸುತ್ತು ತಿರುಗಲು ಇಪ್ಪತ್ತನಾಲ್ಕು ಗಂಟೆ ಬೇಕಿಲ್ಲ, ಸುಮಾರು ನಾಲ್ಕು ನಿಮಿಷ ಕಡಿಮೆ ಸಾಕು. ಹಾಗಾಗಿ ನಕ್ಷತ್ರ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ, ವರ್ಷಕ್ಕೆ ಒಂದು ಪೂರ್ತಿ ದಿನ ಗಳಿಸುತ್ತದೆ. ಟೆಲಿಸ್ಕೋಪಿನ ಕೆಲಸಗಳೆಲ್ಲ ಈ ಗಡಿಯಾರದಂತೆ ನಡೆಯುತ್ತಿದ್ದವು. ಎಲೆಕ್ಟ್ರಿಷಿಯನ್ ಹೋದ ಮೇಲೆ ಅಡುಗೆಮನೆಯ ಗೋಡೆ ಗಡಿಯಾರದ ಬ್ಯಾಟರಿ ಮುಗಿಯಿತು. ಮೆಕ್ಯಾನಿಕ್ ಹೊಸದು ತರಿಸಲಿಲ್ಲ. ನಕ್ಷತ್ರ ಗಡಿಯಾರದಲ್ಲಿ ಇಷ್ಟು ಗಂಟೆಗೆ ಏಳುವುದು, ಇಷ್ಟು ಗಂಟೆಗೆ ಮಲಗುವುದು, ಐದು ಇಪ್ಪತ್ತಕ್ಕೆ ಗೇಜು ಮತ್ತು ಊಟ. ಕೆಲವು ತಿಂಗಳು ಅದು ಬಿಸಿಲಲ್ಲಿ ಬೀಳುತ್ತಿತ್ತು, ಕೆಲವು ತಿಂಗಳು ಕತ್ತಲಲ್ಲಿ. ಕತ್ತಲ ತಿಂಗಳುಗಳಲ್ಲಿ ಡಬ್ಬಿಯನ್ನು ಕೋಟಿನೊಳಗೆ ಅವುಚಿಕೊಂಡು ಹೋಗುತ್ತಿದ್ದ.

ಸೋಮವಾರ ಗೋಡೆಯಿಂದ ಹೊರಬಂದವನು ಎಂದಿನಂತೆ ಉಪಗ್ರಹ ಫೋನಿನಲ್ಲಿ ಅಕ್ಕನಿಗೆ ಫೋನು ಮಾಡಿದ. ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಈಗಲೂ ಹೊಲಿಗೆ ಅಂಗಡಿ ನಡೆಸುತ್ತಿದ್ದಳು.

"ಒಂದು ನಲವತ್ತು," ಅಂದಳು ಅಕ್ಕ. ಅವಳು ಹಲೋ ಅನ್ನುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. "ನಿನ್ನೆ ಒಂದು ನಲವತ್ನಾಲ್ಕು. ನಾಳೆ ಒಂದು ಮೂವತ್ತಾರು ತಾನೆ?"

"ಬರ್ಕೊಂಡ್ಯಾ?"

"ಬರೀದೆ ಬಿಡ್ತೀನಾ. ಜನವರಿಯಲ್ಲಿ ಮಲಗಿರೋಳನ್ನ ಎಬ್ಬಿಸ್ತಿದ್ದೆ. ಮಾರ್ಚಲ್ಲಿ ಅಂಗಡಿ ತುಂಬ ಜನ ಇರೋ ಹೊತ್ತಿಗೆ ಸರಿಯಾಗಿ. ಇನ್ನೆರಡು ತಿಂಗಳಿಗೆ ನಾನು ಹಲ್ಲುಜ್ಜುವಾಗ ಮಾಡ್ತೀಯ."

"ಅಷ್ಟು ಬೇಗ ಬರಲ್ಲ. ನೀನು ಒಂಬತ್ತೂವರೆಗೆ ಹಲ್ಲುಜ್ಜೋದಾದ್ರೆ ಮಾತ್ರ."

"ಭಾನುವಾರ ಅಷ್ಟೊತ್ತಿಗೇ ಕಣೋ. ಏನು ತಿಂದೆ?"

"ಆಲೂಗಡ್ಡೆ, ಮೊಟ್ಟೆ."

"ಒಬ್ನೇನಾ?"

"ಇಲ್ಲ, ಜೊತೆಗೆ ನಲವತ್ತು ಜನ ಇದ್ರು. ಬಡಿಸಿ ಬಡಿಸಿ ಸಾಕಾಯ್ತು."

ಅಕ್ಕ ನಕ್ಕಳು. ಎರಡು ವರ್ಷದ ಹಿಂದೆ ಒಂದು ಬಿರುಗಾಳಿಗೆ ಒಂಬತ್ತು ದಿನ ಫೋನು ಸತ್ತಿತ್ತು. ಅಕ್ಕ ಸಂಸ್ಥೆಯ ಕಚೇರಿಗೆ ಹೋಗಿ ಕೂತಿದ್ದಳು. ಕೊನೆಯ ಸಲ ಯಾವತ್ತು ಮಾತಾಡಿದ್ದು ಎಂದು ಅಲ್ಲಿ ಕೇಳಿದಾಗ ಅವಳಿಗೆ ನೆನಪಾಗಲಿಲ್ಲ. ಅಂದಿನಿಂದ ಅವನ ಪ್ರತಿ ಫೋನಿನ ಸಮಯವನ್ನು ಅಂಗಡಿಯ ಕ್ಯಾಲೆಂಡರಿನ ಚೌಕದೊಳಗೆ ಬರೆದು, ಪಕ್ಕದಲ್ಲಿ ಒಂದೆರಡು ಪದ ಸೇರಿಸುತ್ತಿದ್ದಳು: 'ಕೆಮ್ಮು', 'ಡ್ರೈವರ್ ಬಂದಿದ್ದ', 'ಬೇಜಾರಲ್ಲಿದ್ದ'.

ಅದೇ ದಿನ ಸಂಜೆ ನಾಲ್ಕಕ್ಕೆ ನಗರದಿಂದ ಸಂಶೋಧಕಿಯ ಫೋನು ಬಂತು. ಟೆಲಿಸ್ಕೋಪಿನ ದತ್ತಾಂಶದಿಂದ ಆಕಾಶದ ನಕ್ಷೆ ತಯಾರಿಸುವುದು ಅವಳ ಕೆಲಸ. ಐದು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದಳು. ಹೊಸ ಕ್ಯಾಮೆರಾ ಕೂರಿಸುವಾಗ ಮೂರು ವಾರ ಮೇಲೆ ಬಂದಿದ್ದಳು. ಉಸಿರು ಸಿಕ್ಕದೆ ಮೊದಲ ರಾತ್ರಿ ಅತ್ತವಳಿಗೆ ದಿಂಬು ಎತ್ತರಿಸಿ ಮಲಗುವುದನ್ನು ಹೇಳಿಕೊಟ್ಟವನು ಮೆಕ್ಯಾನಿಕ್. ಅಂದಿನಿಂದ ಪ್ರತಿ ಸೋಮವಾರ ಫೋನು ಮಾಡುತ್ತಿದ್ದಳು.

"ಅಣ್ಣ, ಕೂತಿದೀರಾ?"

"ಇಲ್ಲಿ ನಿಂತ್ರೆ ಏದುಸಿರು ಬರುತ್ತೆ. ಯಾವಾಗಲೂ ಕೂತೇ ಇರ್ತೀನಿ. ಹೇಳಿ ಡಾಕ್ಟರಮ್ಮ."

"ಇನ್ನೂ ಡಾಕ್ಟರ್ ಆಗಿಲ್ಲ. ಈಗ ಆಗ್ತೀನಿ ಅನ್ಸುತ್ತೆ. ನಕ್ಷೆಯಲ್ಲಿ ಒಂದು ಮಚ್ಚೆ ಸಿಕ್ಕಿದೆ."

ಆ ವಿಕಿರಣದ ಅಲೆಗಳು ಒಂದು ದಿಕ್ಕಿಗೆ ಕೂದಲೆಳೆಯಷ್ಟು ಹೆಚ್ಚಾಗಿ ಕಂಪಿಸುತ್ತವೆ. ಹೊಸ ಕ್ಯಾಮೆರಾ ಅಳೆಯುವುದು ಅದನ್ನು. ಅಲ್ಲಿ ಎರಡು ಮೈಕ್ರೋಕೆಲ್ವಿನ್‌ನಷ್ಟು ಹೆಚ್ಚಿನ ಕಂಪನ ತೋರಿಸುವ ಒಂದು ಪಟ್ಟಿ ಕಂಡಿದೆ, ಹುಣ್ಣಿಮೆ ಚಂದ್ರರನ್ನು ಒಂದರ ಪಕ್ಕ ಒಂದು ಹತ್ತು ಇಟ್ಟಷ್ಟು ಉದ್ದ, ಉಪಗ್ರಹಗಳಿಂದ ತೆಗೆದ ಹಳೆಯ ನಕ್ಷೆಗಳಿಗೆ ಅಷ್ಟು ಸೂಕ್ಷ್ಮತೆ ಇರಲಿಲ್ಲ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಎಡಕ್ಕೆ ತಿರುಗುವಾಗಿನ ದತ್ತಾಂಶ ಬೇರೆ, ಬಲಕ್ಕೆ ತಿರುಗುವಾಗಿನದು ಬೇರೆ ಮಾಡಿ ನೋಡಿದ್ದಳು. ಮಚ್ಚೆ ಎರಡರಲ್ಲೂ ಇತ್ತು. ಮೊದಲ ಹತ್ತು ತಿಂಗಳು, ಕೊನೆಯ ಹತ್ತು ತಿಂಗಳು, ಎರಡರಲ್ಲೂ ಇತ್ತು.

"ನೆಲದಿಂದ ಬರೋ ಶಾಖ ಇರಬಹುದಲ್ಲ?" ಎಂದು ಅವನು ಕೇಳಿದ. ಆರು ವರ್ಷದಲ್ಲಿ ಇಷ್ಟು ಕೇಳಲು ಕಲಿತಿದ್ದ.

"ಅದನ್ನೇ ನಾನೂ ಮೊದಲು ನೋಡಿದ್ದು. ಜನರೇಟರು, ಲಾರಿ, ಬಿಸಿಲು, ಮನುಷ್ಯರು ಎಲ್ಲ ಸೂರ್ಯನ ಟೈಮಲ್ಲಿ ನಡೀತಾರೆ. ಅವರಿಂದಾದ್ರೆ ಆಕಾಶದಲ್ಲಿ ದಿನಾ ನಾಲ್ಕು ನಿಮಿಷ ಜಾರಿ ಜಾರಿ ವರ್ಷದಲ್ಲಿ ಅಳಿಸಿಹೋಗುತ್ತೆ. ಇದು ಅಲ್ಲಾಡಿಲ್ಲ ಅಣ್ಣ. ನಕ್ಷತ್ರದ ಜೊತೆ ಅಂಟಿಕೊಂಡು ನಿಂತಿದೆ. ಗುರುವಾರ ಹತ್ತು ಗಂಟೆಗೆ ಸಮ್ಮೇಳನದಲ್ಲಿ ಇನ್ನೂರು ಜನರ ಮುಂದೆ ತೋರಿಸ್ತೀನಿ. ಅಲ್ಲೀವರೆಗೆ ಯಾರಿಗೂ ಹೇಳ್ಬೇಡಿ."

"ಇಲ್ಲಿ ಯಾರಿಗೆ ಹೇಳ್ಲಿ, ಜನರೇಟರಿಗಾ? ಎಲ್ಲಿದೆ ನಿಮ್ಮ ಮಚ್ಚೆ?"

"ಐದು ಗಂಟೆ ಇಪ್ಪತ್ತು ನಿಮಿಷದಿಂದ ಐದು ಐವತ್ತರವರೆಗೆ. ಇಪ್ಪತ್ತರ ಕಡೆ ಅಂಚು ಚೂಪಾಗಿದೆ, ಚಾಕುವಲ್ಲಿ ಕತ್ತರಿಸಿದ ಹಾಗೆ. ಐವತ್ತರ ಕಡೆ ಸ್ವಲ್ಪ ಹರಡಿಕೊಂಡಿದೆ. ಅದೇ ಮಜಾ."

"ಒಳ್ಳೇದಾಯ್ತು ತಾಯಿ," ಎಂದು ಹೇಳಿ ಅವನು ಫೋನಿಟ್ಟ.

ಭೂಮಿಯ ಮೇಲಿನ ಊರುಗಳಿಗೆ ಡಿಗ್ರಿಯಲ್ಲಿ ವಿಳಾಸವಿರುವಂತೆ ಆಕಾಶದ ಜಾಗಗಳಿಗೆ ಗಂಟೆ-ನಿಮಿಷದಲ್ಲಿ ವಿಳಾಸವಿರುತ್ತದೆ. ನಕ್ಷತ್ರ ಗಡಿಯಾರ ಐದು ಇಪ್ಪತ್ತು ತೋರಿಸಿದಾಗ ಐದು ಇಪ್ಪತ್ತರ ವಿಳಾಸದ ಆಕಾಶ ನೇರ ದಕ್ಷಿಣಕ್ಕೆ ಬಂದು ನಿಲ್ಲುತ್ತದೆ. ಟೆಲಿಸ್ಕೋಪು ನೋಡುತ್ತಿದ್ದದ್ದು ದಕ್ಷಿಣಕ್ಕೆ. ಮೆಕ್ಯಾನಿಕ್ ಕೂರುತ್ತಿದ್ದದ್ದು ದಕ್ಷಿಣದ ಗೋಡೆಯ ಬುಡದಲ್ಲಿ. ಲೋಹದ ಗೋಡೆಗೆ ಓರೆಯಾಗಿ ಬಡಿದು ಬರುವ ಶಾಖ, ಆ ಕ್ಯಾಮೆರಾ ಹುಡುಕುತ್ತಿದ್ದ ರೀತಿಯಲ್ಲೇ ಒಂದು ದಿಕ್ಕಿಗೆ ಹೆಚ್ಚು ಕಂಪಿಸುತ್ತದೆ.

ಈ ಕೊನೆಯ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಉಳಿದದ್ದು ಗೊತ್ತಿತ್ತು. ಒಳಗೆ ಹೋಗುವುದು ಗಡಿಯಾರ ನೋಡಿ, ಸರಿಯಾಗಿ ಐದು ಇಪ್ಪತ್ತಕ್ಕೆ. ಎದ್ದು ಬರುವುದು ಮನಸ್ಸು ಬಂದಾಗ, ಐವತ್ತಕ್ಕೋ ಐವತ್ತೈದಕ್ಕೋ. ಒಂದು ಅಂಚು ಚೂಪು, ಇನ್ನೊಂದು ಹರಡಿಕೊಂಡದ್ದು. ಫೋನಿನ ಮುಂದೆ ಹತ್ತು ನಿಮಿಷ ಕೂತಿದ್ದವನು ಎದ್ದು ಜನರೇಟರಿನ ಎಣ್ಣೆ ನೋಡಲು ಹೋದ. ಎಣ್ಣೆಯನ್ನು ಬೆಳಿಗ್ಗೆಯೇ ನೋಡಿಯಾಗಿತ್ತು.

ಮಂಗಳವಾರ ಗೇಜು ನೋಡಿ ನಿಜವಾಗಿಯೂ ಒಂದು ನಿಮಿಷಕ್ಕೆ ಹೊರಗೆ ಬಂದ. ಅಡುಗೆಮನೆಯಲ್ಲಿ ಊಟಕ್ಕೆ ಕೂತ. ಫ್ರಿಜ್ಜಿನ ಗುಂಯ್ ಸದ್ದು, ಕಿಟಕಿಯ ರಬ್ಬರು ಗಾಳಿಗೆ ಬಡಿಯುವ ಸದ್ದು. ಎದುರಿನ ಕುರ್ಚಿಯ ಬೆನ್ನಿಗೆ ಎಲೆಕ್ಟ್ರಿಷಿಯನ್ ಯಾವತ್ತೋ ಸುತ್ತಿದ್ದ ಕಪ್ಪು ಟೇಪು ಬಿಚ್ಚಿಕೊಳ್ಳುತ್ತಿತ್ತು. ನಾಲ್ಕು ತುತ್ತು ತಿಂದು ಡಬ್ಬಿ ಮುಚ್ಚಿದ.

ಸುಮ್ಮನಿದ್ದುಬಿಡಬಹುದಿತ್ತು. ಇನ್ನು ಮುಂದೆ ಅಲ್ಲಿ ಕೂರದಿದ್ದರೆ ಮಚ್ಚೆ ಬೆಳೆಯುವುದಿಲ್ಲ. ಹೊಸ ದತ್ತಾಂಶ ಸೇರಿದಂತೆಲ್ಲ ತಾನಾಗಿ ಮಸುಕಾಗುತ್ತದೆ. ಪುಸ್ತಕದಲ್ಲಿ ಒಂದು ನಿಮಿಷವೆಂದೇ ಇದೆ, ಕೇಳುವವರಿಲ್ಲ. ಆದರೆ ಗುರುವಾರ ಅವಳು ಅದನ್ನು ಇನ್ನೂರು ಜನರಿಗೆ ತೋರಿಸಿದರೆ, ಬೇರೆ ಕಡೆ ಟೆಲಿಸ್ಕೋಪು ಇಟ್ಟುಕೊಂಡವರು ಅದೇ ವಿಳಾಸ ಹುಡುಕುತ್ತಾರೆ. ಅಲ್ಲಿ ಅವರಿಗೆ ಏನೂ ಸಿಕ್ಕುವುದಿಲ್ಲ. ಆಗ ತಪ್ಪು ಅವಳ ಹೆಸರಿಗೆ ಅಂಟಿಕೊಳ್ಳುತ್ತದೆ. ಹೇಳಿದರೆ ಅವಳ ಐದು ವರ್ಷದಲ್ಲಿ ಸಿಕ್ಕ ಒಂದೇ ಒಂದು ಹೊಸ ಸಂಗತಿ ಹೋಗುತ್ತದೆ. ತನ್ನ ಕೆಲಸವೂ ಹೋಗುತ್ತದೆ. ಸುಳ್ಳು ನಮೂದಿಗೆ ವಜಾ ಎಂದು ಕರಾರಿನ ಮೂರನೆಯ ಪುಟದಲ್ಲಿತ್ತು.

ಗೋದಾಮಿನಲ್ಲಿದ್ದಾಗ ಅವನ ಜೊತೆಯವನೊಬ್ಬ ಥರ್ಮಾಮೀಟರ್ ನೋಡದೆಯೇ ಗಂಟೆಗೊಮ್ಮೆ 'ಮೈನಸ್ ಹದಿನೆಂಟು' ಎಂದು ಬರೆಯುತ್ತಿದ್ದ. ಒಂದು ಬೇಸಿಗೆಯಲ್ಲಿ ಹನ್ನೊಂದು ಟನ್ ಮೀನು ಕೊಳೆಯಿತು. ಮೇಲಿನವರಿಗೆ ಅವನ ಹೆಸರು ಹೇಳಿ ಕೆಲಸದಿಂದ ತೆಗೆಸಿದವನು ಮೆಕ್ಯಾನಿಕ್‌ನೇ. ಮಂಗಳವಾರ ಸಂಜೆ ಅವನು ದಿನಚರಿ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ತಿರುವಿದ. ಎಲ್ಲ ಪುಟದಲ್ಲೂ ಒಂದೇ ಸಾಲು, ಒಂದೇ ಕೈಬರಹ.

ಬುಧವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಅವನೇ ಸಂಶೋಧಕಿಗೆ ಫೋನು ಮಾಡಿದ. ಆರು ವರ್ಷದಲ್ಲಿ ಅವನಾಗಿ ಸಂಸ್ಥೆಗೆ ಫೋನು ಮಾಡಿದ್ದು ಯಂತ್ರ ಕೆಟ್ಟಾಗ ಮಾತ್ರ.

"ಏನು ಕೆಡ್ತು ಅಣ್ಣ?" ಎಂದಳು ಅವಳು.

"ಡಾಕ್ಟರಮ್ಮ, ಆ ಮಚ್ಚೆ ನಾನು."

"ಅಂದ್ರೆ?"

"ದಿನಾ ಐದು ಇಪ್ಪತ್ತಕ್ಕೆ ಗೋಡೆ ಒಳಗೆ ಕೂತು ಊಟ ಮಾಡ್ತೀನಿ. ದಕ್ಷಿಣದ ಕಡೆ, ಗೇಜಿನ ಪಕ್ಕ. ಅರ್ಧ ಗಂಟೆ. ಒಂದೊಂದು ದಿನ ಐದು ನಿಮಿಷ ಜಾಸ್ತಿ."

"ಪುಸ್ತಕದಲ್ಲಿ ಒಂದು ನಿಮಿಷ ಅಂತಿದೆ."

"ಹಾಗೆ ಬರ್ದಿದೀನಿ."

ಹಿಂದೆ ಯಾರೋ ಕಾಫಿ ಬೇಕಾ ಎಂದು ಕೇಳಿದ್ದು, ಇವಳು ಬೇಡ ಎಂದದ್ದು ಕೇಳಿಸಿತು.

"ಆಗಲ್ಲ ಅಣ್ಣ. ನೀವು ಊಟ ಮಾಡೋದು ಮಧ್ಯಾಹ್ನ. ಸೂರ್ಯನ ಟೈಮಿನ ಪರೀಕ್ಷೆಯಲ್ಲಿ ಸಿಕ್ಕಿಬೀಳ್ಬೇಕಿತ್ತು."

"ಮಧ್ಯಾಹ್ನ ಅಲ್ಲಮ್ಮ. ಐದು ಇಪ್ಪತ್ತಕ್ಕೆ. ಈಗ ಅದು ಮಧ್ಯಾಹ್ನ ಬಿದ್ದಿದೆ, ಅಷ್ಟೆ. ಜನವರಿಯಲ್ಲಿ ರಾತ್ರಿ ಹತ್ತಕ್ಕೆ ಬಿದ್ದಿತ್ತು."

"ಇಪ್ಪತ್ತು ತಿಂಗಳಿಂದ ನೀವು ನಕ್ಷತ್ರದ ಟೈಮಲ್ಲಿ ಊಟ ಮಾಡ್ತಿದೀರಾ?"

"ಹೂಂ."

"ಯಾಕೆ?"

"ಬೇರೆ ಟೈಮಿಗೆ ಊಟಕ್ಕೆ ಕರೆಯೋರು ಯಾರೂ ಇರಲಿಲ್ಲ," ಎಂದ.

ಮತ್ತೆ ಮಾತಾಡಿದಾಗ ಅವಳ ದನಿ ಬದಲಾಗಿತ್ತು. ವಿಚಾರಣೆ ಮಾಡುವವರ ದನಿ ಅದು. ಕೋಟು ಯಾವ ಬಟ್ಟೆಯದು, ಗೋಡೆಯಿಂದ ಎಷ್ಟು ದೂರ ಕೂರುತ್ತಿದ್ದಿರಿ, ಕೂತಾಗ ತಲೆ ಎಷ್ಟು ಎತ್ತರಕ್ಕೆ ಬರುತ್ತದೆ, ಡಬ್ಬಿ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ. ಒಂದೊಂದಕ್ಕೂ ಅವನು ಸರಿಯಾಗಿ ಉತ್ತರ ಕೊಟ್ಟ. ಕೊನೆಗೆ ಅವಳು, "ನಿಮ್ಮ ಮಾತೊಂದೇ ಸಾಲದು," ಎಂದಳು. "ಒಳಗೆ ಕೂತ ದಿನ ಯಾವುದು, ಕೂರದ ದಿನ ಯಾವುದು ಅಂತ ಗೊತ್ತಾದ್ರೆ ಬೇರೆ ಬೇರೆ ನಕ್ಷೆ ಮಾಡಿ ಹೋಲಿಸಬಹುದು. ಪುಸ್ತಕದಲ್ಲಿ ಎಲ್ಲ ದಿನವೂ ಒಂದೇ ಇದೆಯಲ್ಲ. ನೆನಪಿದೆಯಾ ನಿಮಗೆ?"

"ನನಗಿಲ್ಲ. ನಮ್ಮಕ್ಕನ ಕ್ಯಾಲೆಂಡರಲ್ಲಿ ಇದೆ."

ಡ್ರೈವರ್ ಬಂದ ದಿನ ಅವನು ಡ್ರೈವರ್‌ನ ಹಸಿವಿನ ಹೊತ್ತಿಗೆ, ಅಡುಗೆಮನೆಯಲ್ಲೇ ಊಟ ಮಾಡುತ್ತಿದ್ದ. ಅಂದು ಅಕ್ಕನಿಗೆ ಫೋನು ಹೋಗುವ ಸಮಯವೂ ಸಾಲು ತಪ್ಪುತ್ತಿತ್ತು. ಜ್ವರವೋ ಸೊಂಟನೋವೋ ಇದ್ದ ದಿನ ಗೇಜು ನೋಡಿ ನೇರ ಹಾಸಿಗೆಗೆ ಬಂದು ಮಲಗಿಯೇ ತಿನ್ನುತ್ತಿದ್ದ. ಎಲ್ಲವೂ ಅಕ್ಕನ ಚೌಕಗಳಲ್ಲಿ ಇತ್ತು.

"ಕ್ಯಾಲೆಂಡರಿನ ಫೋಟೋನಾ?" ಎಂದಳು ಅಕ್ಕ, ಅವನು ಫೋನು ಮಾಡಿ ಕೇಳಿದಾಗ. "ಅದರಲ್ಲಿ ಗಿರಾಕಿಗಳ ಸೊಂಟದ ಅಳತೆಯೆಲ್ಲ ಇದೆ ಕಣೋ. ನೋಡಿದೋರು ಏನಂತಾರೆ?"

"ಅವರು ನೋಡೋ ಅಳತೆ ಬೇರೆ ಅಕ್ಕ."

"ಏನು ಮಾಡ್ಕೊಂಡಿದೀಯ?"

ಅವನು ಹೇಳಿದ. ಅಕ್ಕ ನಡುವೆ ಬಾಯಿ ಹಾಕದೆ ಕೇಳಿದಳು.

"ನಲವತ್ತು ಜನ ಇದ್ರು ಅಂತಿದ್ದೆಯಲ್ಲ," ಎಂದಳು ಆಮೇಲೆ. "ಆ ಯಂತ್ರದ ಮುಂದೆ ಕೂತು ತಿಂತಿದ್ಯಾ?"

"ಹೂಂ."

"ಕೆಲಸ ಹೋಗುತ್ತಾ?"

"ಹೋಗಬಹುದು."

"ಹೋದ್ರೆ ಇಲ್ಲಿಗೆ ಬಾ. ಗುಂಡಿ ಹಾಕೋಕೆ ಜನ ಸಿಗ್ತಿಲ್ಲ ನನಗೆ." ತುಸು ತಡೆದು, "ನನಗೆ ಹೇಳೋಕೇನಾಗಿತ್ತೋ ನಿನಗೆ," ಎಂದಳು.

ಇಪ್ಪತ್ತು ತಿಂಗಳ ಇಪ್ಪತ್ತು ಹಾಳೆಗಳ ಫೋಟೋ ಮಧ್ಯಾಹ್ನ ಮೂರರೊಳಗೆ ಸಂಶೋಧಕಿಗೆ ತಲುಪಿತು. ಡ್ರೈವರ್ ಬಂದ ದಿನಗಳು ನಲವತ್ತೊಂದು, ಕಾಯಿಲೆಯ ದಿನಗಳು ಇಪ್ಪತ್ತೆರಡು. ಆ ಅರವತ್ತಮೂರು ದಿನದ ದತ್ತಾಂಶದಿಂದ ಅವಳು ಬೇರೆ ನಕ್ಷೆ ಮಾಡಿದಳು. ಮಚ್ಚೆ ಆಕಾಶದ್ದೇ ಆಗಿದ್ದರೆ ಅಷ್ಟು ಕಡಿಮೆ ದಿನಗಳಲ್ಲೂ ಮಸುಕಾಗಿಯಾದರೂ ಕಾಣಬೇಕಿತ್ತು. ಕಾಣಲಿಲ್ಲ.

ಗುರುವಾರ ಹತ್ತು ಗಂಟೆಗೆ ಅವಳು ವೇದಿಕೆ ಹತ್ತಿದಳು. ಮಚ್ಚೆಯ ನಕ್ಷೆ ತೋರಿಸಲಿಲ್ಲ. ಗೋಡೆಯ ಒಳಗಿನ ಅಡಚಣೆಯೊಂದರಿಂದಾಗಿ ಐದು ಇಪ್ಪತ್ತರಿಂದ ಆರು ಗಂಟೆವರೆಗಿನ ದತ್ತಾಂಶವನ್ನು ಬಹುಪಾಲು ಕೈಬಿಡಲಾಗುತ್ತಿದೆ ಎಂದು ಒಂದು ವಾಕ್ಯ ಹೇಳಿದಳು. ಅಡಚಣೆ ಏನು ಎಂದು ಸಭಿಕರಲ್ಲೊಬ್ಬರು ಕೇಳಿದರು. "ಒಬ್ಬ ಮನುಷ್ಯ," ಎಂದಳು. ಸಭೆ ನಕ್ಕಿತು. ಅವಳ ಭಾಷಣ ಇಪ್ಪತ್ತು ನಿಮಿಷದ್ದು, ಹದಿಮೂರು ನಿಮಿಷಕ್ಕೆ ಮುಗಿಯಿತು.

ಇದೆಲ್ಲ ಮೆಕ್ಯಾನಿಕ್‌ಗೆ ಗೊತ್ತಾದದ್ದು ಹನ್ನೆರಡಕ್ಕೆ, ಯೋಜನೆಯ ಮುಖ್ಯಸ್ಥರಾದ ಪ್ರೊಫೆಸರ್ ಫೋನು ಮಾಡಿದಾಗ.

"ಸುಳ್ಳು ನಮೂದು ಬರೆದವರನ್ನ ಇಟ್ಕೊಳ್ಳೋಕೆ ನನಗೆ ಅಧಿಕಾರ ಇಲ್ಲ," ಎಂದರು ಪ್ರೊಫೆಸರ್. "ಆದರೆ ಈ ಚಳಿ ಮುಗಿಯೋವರೆಗೆ ಅಲ್ಲಿಗೆ ಬರೋಕೆ ಬೇರೆ ಯಾರೂ ಒಪ್ಪಲ್ಲ. ಅಕ್ಟೋಬರ್‌ವರೆಗೆ ಇರ್ತೀರಾ?"

"ಇರ್ತೀನಿ ಸರ್."

"ಗೇಜಿನ ಮುಂದೆ ಒಂದು ಕ್ಯಾಮೆರಾ ಹಾಕಿಸ್ತೀವಿ. ಡ್ರೈವರ್ ಕೈಲಿ ಕಳಿಸ್ತೀನಿ, ನೀವೇ ಕೂರಿಸಿ. ಆಮೇಲೆ ಗೋಡೆ ಒಳಗೆ ಹೋಗೋ ಅಗತ್ಯ ಬೀಳಲ್ಲ."

"ಆಗಲಿ ಸರ್."

"ಊಟ ಎಲ್ಲಿ ಮಾಡ್ತೀರಿ ಇನ್ಮೇಲೆ?"

"ಅಡುಗೆಮನೇಲಿ ಕುರ್ಚಿ ಇದೆ ಸರ್."

ಸರಿ ಎಂದು ಹೇಳಿ ಪ್ರೊಫೆಸರ್ ಫೋನಿಟ್ಟರು.

ಶನಿವಾರ ಡ್ರೈವರ್ ಬಂದ. ಡೀಸೆಲ್ಲು, ನೀರಿನ ಜೊತೆ ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಯಾಮೆರಾ ಮತ್ತು ಮೆಕ್ಯಾನಿಕ್ ಹೇಳಿ ತರಿಸಿದ್ದ ಗಡಿಯಾರದ ಬ್ಯಾಟರಿ. "ಮೇಲೆ ನಿಮಗೆ ಟೈಮ್ ಬೇರೆ ಬೇಕಾ?" ಎಂದು ತಮಾಷೆ ಮಾಡಿದ. ಮೆಕ್ಯಾನಿಕ್ ಅವನ ಕೈಗಡಿಯಾರ ನೋಡಿ ಗೋಡೆ ಗಡಿಯಾರ ತಿರುಗಿಸಿಟ್ಟ. ಊಟವಾದ ಮೇಲೆ ಗೋಡೆಯೊಳಗೆ ಹೋಗಿ ಗೇಜಿನ ಮುಂದೆ ಕ್ಯಾಮೆರಾ ಕೂರಿಸಿದ. ಟೆಲಿಸ್ಕೋಪು ಎಂದಿನಂತೆ ಎಡಕ್ಕೆ ಹೋಗಿ ಬಲಕ್ಕೆ ಬರುತ್ತಿತ್ತು. ಹೊರಗೆ ಬಂದು ಪುಸ್ತಕದಲ್ಲಿ ಬರೆದ: 'ಕ್ಯಾಮೆರಾ ಕೂರಿಸಿದೆ. ಒಳಗಿದ್ದದ್ದು ಇಪ್ಪತ್ತಾರು ನಿಮಿಷ.' ಅದರಲ್ಲಿ ಕೆಲಸ ನಡೆದದ್ದು ಹದಿನೈದು ನಿಮಿಷ.

ಮುಂದಿನ ಸೋಮವಾರ ಸಂಶೋಧಕಿಯ ಫೋನು ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ನಾಲ್ಕು ಗಂಟೆಗೆ ಅವನು ಫೋನಿನ ಕೋಣೆಯಲ್ಲೇ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದ. ಜೂನ್ ಮೂರನೆಯ ವಾರ ಅವಳಿಂದ ಕಂಪ್ಯೂಟರಿಗೆ ಹೊಸ ನಕ್ಷೆ ಬಂತು. ಜೊತೆಗೆ ಒಂದಕ್ಷರವೂ ಇರಲಿಲ್ಲ. ಅವನು ಐದು ಇಪ್ಪತ್ತರ ವಿಳಾಸ ಹುಡುಕಿದ. ಮಚ್ಚೆ ಇರಲಿಲ್ಲ. ಆ ಪಟ್ಟಿಯಷ್ಟು ಜಾಗ ಮಾತ್ರ ಸುತ್ತಲಿನದಕ್ಕಿಂತ ಒರಟಾಗಿ, ಮರಳು ಚೆಲ್ಲಿದಂತೆ ಕಾಣುತ್ತಿತ್ತು. ಉಳಿದ ಆಕಾಶಕ್ಕೆ ಇಪ್ಪತ್ತು ತಿಂಗಳ ದತ್ತಾಂಶ ಸಿಕ್ಕಿತ್ತು, ಆ ಜಾಗಕ್ಕೆ ಅರವತ್ತಮೂರು ದಿನದ್ದು.

ಅಕ್ಕನಿಗೆ ಅವನ ಫೋನು ಈಗ ದಿನಾ ಮಧ್ಯಾಹ್ನ ಒಂದೂವರೆಗೆ ಹೋಗುತ್ತಿತ್ತು. "ಒಂದು ಮೂವತ್ತು," ಎನ್ನುತ್ತಿದ್ದಳು ಅಕ್ಕ ಫೋನೆತ್ತಿ. ಮರುದಿನ, "ಇವತ್ತೂ ಒಂದು ಮೂವತ್ತು." ಜೂನ್ ಹಾಳೆಯ ಚೌಕಗಳಲ್ಲೆಲ್ಲ ಅದನ್ನೇ ಬರೆದಳು. ಜುಲೈ ಒಂದರಿಂದ ಫೋನೆತ್ತಿದಾಗ ಹಲೋ ಎಂದಳು, ಸಮಯ ಬರೆಯುವುದನ್ನು ನಿಲ್ಲಿಸಿದಳು.